ಅಂಗಾತ ಮಲಗಿದ ಸಿಪಾಯಿ

ಇವತ್ತು ಬೆಳಗಿನ ಜಾವ ಮತ್ತೆ ಅದೇ ಕನಸು... ಮಣ್ಣಿನ ಸಿಪಾಯಿ ಮಕಾಡೆ ಬಿದ್ದಿದ್ದಾನೆ. ಎತ್ತಲು ಹೋದರೆ ನನಗೆ ಕೈ ಎಟುಕುತ್ತಿಲ್ಲ.

ನನಗೀಗ ತೊಂಬತ್ತು ದಾಟಿದೆ. ಆಗ ನಾನಿನ್ನೂ ಲಂಗದ ಹುಡುಗಿ, ದೇವನಹಳ್ಳಿ ಕೋಟೆಯೊಳಗೆ ನಮ್ಮ ಮನೆ.

ಎರಡನೇ ಮಹಾಯುದ್ಧದ ಕಾಲ. ಅಣ್ಣ ಪಟ್ಟಾಳಕ್ಕೆ ಸೇರಿ ಬರ್ಮಾ ಕಡೆ ಹೋಗಿದ್ದ. ಕಾಗದ ಬರುವುದು ನಿಂತಿತ್ತು. ಅಮ್ಮನಿಗೆ ಜೊತೆಗಿರಲಿ ಎಂದು ನನ್ನ ಸ್ಕೂಲನ್ನೂ ಅರ್ಧಕ್ಕೇ ಬಿಡಿಸಿದ್ದರು.

ಪ್ರತಿ ನವರಾತ್ರಿಗೆ ಗೊಂಬೆಗಳ ಮುಂದೆ ಅಣ್ಣ ಮಣ್ಣಿನ ಸಿಪಾಯಿಗಳನ್ನಿಟ್ಟು ಒಂದು ಯುದ್ಧ ಹೂಡುತ್ತಿದ್ದ. ಆ ವರ್ಷ ಆ ಕೆಲಸ ನನಗೂ ಪಕ್ಕದ ಮನೆಯ ಗೆಳತಿ ಜೈನಬಿಗೂ ಬಿತ್ತು.

ಯಾವ ಯುದ್ಧ ಹೂಡುವುದು?

"ಬಿಳೀರು ಬಂದು ನಮ್ ಕೋಟೆ ಹಿಡಿದ್ರಲ್ಲ, ಅದೇ ಮಾಡಾನ" ಅಂದಳು ಜೈನಬಿ.

ಅಣ್ಣ ಇರುವುದೇ ಬಿಳಿಯರ ಪಟ್ಟಾಳದಲ್ಲಿ. ಅವರು ಸೋತರೆ ಅಣ್ಣ, ಗೆದ್ದರೆ ನಮ್ಮ ಕೋಟೆ...

ಬಯಲು ಯುದ್ಧವೂ ಆಗದು. ಒಮ್ಮೆ ಕೂರಿಸಿದ ಗೊಂಬೆಯನ್ನು ದಶಮಿಯವರೆಗೆ ಅಲುಗಾಡಿಸುವಂತಿಲ್ಲ. ಓಡುವ ಕುದುರೆ ಹಬ್ಬ ಪೂರ್ತಿ ಕಾಲೆತ್ತಿಕೊಂಡೇ ನಿಲ್ಲಬೇಕು.

ಕೊನೆಗೆ ದಾರಿ ತೋರಿಸಿದವಳು ಅಮ್ಮ.

"ಪಾಳೇಗಾರ್ರ ಕಾಲ್ದಲ್ಲಿ ಮೈಸೂರೋರು ತಿಂಗಳುಗಟ್ಲೆ ನಮ್ ಕೋಟೆ ಸುತ್ತ ಕೂತಿದ್ರಂತೆ. ಅದನ್ನ ಮಾಡ್ರೇ. ಯಾರೂ ಅಲ್ಲಾಡಂಗಿಲ್ಲ. ಒಳಗಿರೋರೂ ನಮ್ಮೋರೇ, ಹೊರಗಿರೋರೂ ನಮ್ಮೋರೇ."

"ಮತ್ತೆ ನಾವು ಬೈಯೋದು ಯಾರ್ನಮ್ಮಾ?" ಅಂದಳು ಜೈನಬಿ.

ಕೆರೆ ಮಣ್ಣಿನಲ್ಲಿ ಕೋಟೆ ಕಟ್ಟಿ, ಸುತ್ತ ರಾಗಿ ಚೆಲ್ಲಿದೆವು. ಹಬ್ಬ ಮುಗಿಯುವಷ್ಟರಲ್ಲಿ ಪೈರೆದ್ದು ಮುತ್ತಿಗೆ ಹಾಕಿದವರ ಮಂಡಿ ಮುಚ್ಚಿತ್ತು.

ಕೋಟೆ ಬಾಗಿಲಲ್ಲಿ ರುಮಾಲು ಚೂರು ಮುಕ್ಕಾದ ಸಿಪಾಯಿ ಒಬ್ಬನನ್ನು ಪಾರಾ ಕಾಯಲು ನಿಲ್ಲಿಸಿದ್ದೆ. ಮನಸ್ಸಿನಲ್ಲೇ ಅವನನ್ನು ಅಣ್ಣ ಅಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ.

ದಶಮಿಯ ಸಂಜೆ ಆರತಿ ಆದ ಮೇಲೆ ಒಂದು ಗೊಂಬೆಯನ್ನು ಮಲಗಿಸುವುದು ನಮ್ಮಲ್ಲಿ ಪದ್ಧತಿ. ಹಬ್ಬ ಮುಗಿಯಿತು ಅಂತ ಅದರ ಅರ್ಥ, ಅಷ್ಟೆ. ಅಮ್ಮ ಕೈ ಚಾಚಿದ್ದು ಮುಂದೆಯೇ ಇದ್ದ ಆ ಸಿಪಾಯಿಯ ಕಡೆಗೆ.

"ಅವನು ಬೇಡ" ಅಂದೆ.

ಅಮ್ಮನ ಕೈ ಅಲ್ಲೇ ನಿಂತಿತು. ಅವಳಿಗೆ ಗೊತ್ತಾಗಿತ್ತು. ಇನ್ನೊಬ್ಬನನ್ನು ಮಲಗಿಸೋಣವೆಂದರೆ ಅವನೂ ಯಾರಿಗೋ ಅಣ್ಣನೇ...

"ಮಕಾಡೆ ಬಿದ್ರೆ ಸತ್ತ ಕಣೇ. ಅಂಗಾತ ಮಲಗಿದ್ರೆ ಬರೀ ನಿದ್ದೆ" ಅಂದಳು ಜೈನಬಿ. "ಇಷ್ಟು ದಿನ ಪಾರಾ ಕಾದೋನು ನಿದ್ದೆ ಮಾಡ್ಬೇಡ್ವಾ?"

ಸೇವಂತಿಗೆ ಹೂವನ್ನು ದಿಂಬಿನ ಹಾಗಿಟ್ಟು ಅವಳೇ ಅವನನ್ನು ಮಲಗಿಸಿದಳು.

ಅಮ್ಮ ಬಗ್ಗಿ ನೋಡಿದಳು. "ದಿಂಬು ಎತ್ರ ಆಯ್ತು, ಕತ್ತು ನೋಯುತ್ತೆ" ಅಂದು ಹೂವಿನ ಒಂದಷ್ಟು ಎಸಳು ಕಿತ್ತು ಸರಿಮಾಡಿದಳು.

ಆ ರಾತ್ರಿ ಮುಖ ಮೇಲಕ್ಕೇ ಇದೆಯಾ ಅಂತ ನಾನು ಎಷ್ಟು ಸಲ ಹೋಗಿ ನೋಡಿದೆನೋ.

ಯುದ್ಧ ಮುಗಿದ ಮೇಲೆ ಅಣ್ಣ ಬಂದ. ಬಂದವನೇ ಉಂಡು, ಜಗಲಿಯ ಮೇಲೆ ಮಕಾಡೆ ಬಿದ್ದುಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಚೆ ಈಚೆ ಹಿಡಿದು ಅವನನ್ನು ಅಂಗಾತ ಹೊರಳಿಸಿದೆವು.

"ಮಲ್ಗಕ್ಕೂ ಬಿಡಲ್ವಲ್ಲಮ್ಮ ನೀವು" ಅಂದ.

ಇವತ್ತು ದಶಮಿ. ನಿಮ್ಮ ಮನೆಯಲ್ಲೂ ಗೊಂಬೆ ಮಲಗಿಸಿದ್ದರೆ, ಮುಖ ಮೇಲಕ್ಕಿದೆಯಾ ಅಂತ ಇನ್ನೊಂದು ಸಲ ನೋಡಿಬಿಡಿ.