ಸಪ್ಪಳವಿಲ್ಲದ ಕ್ಯಾಮೆರಾ

ಆ ದಿನ ಬೆಳಿಗ್ಗೆ ಮಾಡಿದ್ದು ಇಷ್ಟು. ಹಾಲು ಕಾಸಿದೆ. ನಳ ಬಂದಿತ್ತು, ಕೊಡಗಳನ್ನೂ ಹಿತ್ತಲಿನ ಡ್ರಮ್ಮನ್ನೂ ತುಂಬಿದೆ. ಹೆಂಡತಿಯ ಹಾಸಿಗೆಯ ರಬ್ಬರ್ ಹಾಳೆ ಒರೆಸಿ ಬಿಸಿಲಿಗೆ ಹಾಕಿದೆ. ಆಕೆಯ ಬಲಗೈಗೆ ಎಣ್ಣೆ ತಿಕ್ಕಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ, ಮಡಚಿದೆ. ಬಿಪಿ ಗುಳಿಗೆಯನ್ನು ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕಲಸಿ ತಿನ್ನಿಸಿದೆ. ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ. ಸ್ನಾನವಾದ ಮೇಲೆ ಆಕೆಯ ಫೋಟೋ ತೆಗೆದೆ. ಅರ್ಧ ಬಂತು.

ಅರ್ಧ ಎಂದರೆ ಚಿತ್ರದ ಮೇಲಿನ ಭಾಗ ಸರಿ, ಕೆಳಗಿನದು ಕಪ್ಪು. ಹಣೆ, ಕುಂಕುಮ, ಕಣ್ಣು, ಮೂಗುತಿ ಇವಿಷ್ಟರ ತನಕ ಹೆಂಡತಿ ಇದ್ದಳು, ಅಲ್ಲಿಂದ ಕೆಳಗೆ ಇರಲಿಲ್ಲ. ನಾವು ನೋಡಬೇಕಾಗಿದ್ದುದು ಬಾಯನ್ನು. ಲಕ್ವಾ ಹೊಡೆದು ಆಗ ವರ್ಷದ ಮೇಲಾಗಿತ್ತು. ವ್ಯಾಯಾಮ ಹೇಳಿಕೊಡುವ ಡಾಕ್ಟರು, ವಾರಕ್ಕೊಂದು ಫೋಟೋ ತೆಗೆದಿಡಿ, ಬಾಯಿ ಎಷ್ಟು ನೆಟ್ಟಗಾಯಿತು ಎಂದು ತಿಳಿಯುತ್ತದೆ ಎಂದಿದ್ದರು. ನಾನು ದಿನಾ ತೆಗೆಯುತ್ತಿದ್ದೆ.

ದಿನಾ ತೆಗೆಯುವುದಕ್ಕೆ ಕಾರಣ ಬೇರೆಯೇ ಇತ್ತು. ನನ್ನ ಹೆಂಡತಿ ರಾಣೆಬೆನ್ನೂರಿನವಳು. ಸಣ್ಣವಳಿದ್ದಾಗ ಅಲ್ಲಿಯ ಸ್ಟುಡಿಯೋದಾತ, ಫೋಟೋ ತೆಗೆಯುವಾಗ ಉಸಿರು ಬಿಡಬೇಡ ಎಂದಿದ್ದನಂತೆ. ಅದನ್ನು ಆಕೆ ಜೀವಮಾನವಿಡೀ ಪಾಲಿಸಿದಳು. ಕ್ಯಾಮೆರಾ ಎತ್ತಿದರೆ ಸಾಕು, ಗದ್ದ ಎತ್ತಿ, ಬಾಯಿ ಮುಚ್ಚಿ, ಉಸಿರು ಹಿಡಿದು ಕುಳಿತುಬಿಡುವಳು. ಖಟ್ ಎಂದ ಮೇಲೆ ಹೆಗಲು ಇಳಿಸಿ, ಉಸಿರು ಬಿಟ್ಟು, “ಆತೇನ್ರಿ?” ಎಂದು ಕೇಳುವಳು. ಐರಣಿಯ ಹೊಳೆದಂಡೆಯಲ್ಲಿ ತೆಗೆದದ್ದೂ, ಕದರಮಂಡಲಗಿಗೆ ಹೋದಾಗ ಗುಡಿಯ ಮುಂದೆ ತೆಗೆದದ್ದೂ ಎಲ್ಲವೂ ರೇಷನ್ ಕಾರ್ಡಿನ ಫೋಟೋದ ಹಾಗೆಯೇ ಇವೆ. ಸ್ವಲ್ಪ ಸಹಜವಾಗಿ ನಿಲ್ಲು ಎಂದು ನಾನು ಹೇಳಿ ಹೇಳಿ ಬಿಟ್ಟಿದ್ದೆ.

ಲಕ್ವಾ ಆದ ಮೇಲೆ ಮಾತು ಹೋಯಿತು. ನಮ್ಮ ಮಾತೂ ಆಕೆಗೆ ಪೂರ್ತಿ ಮುಟ್ಟುವುದಿಲ್ಲ. ಹೆಸರು ಹಿಡಿದು ಕರೆದರೆ ಒಮ್ಮೆ ನೋಡುತ್ತಾಳೆ, ಹತ್ತು ಸಲ ನೋಡುವುದಿಲ್ಲ. ಆದರೆ ಕ್ಯಾಮೆರಾ ಎತ್ತಿದರೆ ಗದ್ದ ಮೇಲೇಳುತ್ತದೆ. ತುಟಿಯ ಎಡಭಾಗ ಬಿಗಿಯಾಗಿ, ಬಲಭಾಗವನ್ನೂ ಎಳೆದುಕೊಂಡು ಮುಚ್ಚಲು ನೋಡುತ್ತದೆ. ಖಟ್ ಎಂದ ಕೂಡಲೇ ಹೆಗಲು ಇಳಿಯುತ್ತದೆ, ಉಸಿರು ಹೊರಗೆ ಬರುತ್ತದೆ, ಎಡಗಡೆಯ ತುಟಿ ಅದೇ ಹಳೆಯ ಪ್ರಶ್ನೆಯ ಆಕಾರಕ್ಕೆ ಅಲುಗುತ್ತದೆ. ದನಿ ಇಲ್ಲ. ನಾನು “ಆತು” ಎನ್ನುತ್ತೇನೆ. ಇದು ಶರೀರದ ರೂಢಿ ಇರಬಹುದು, ಮಾತು ಬಂತೆಂದು ತಿಳಿಯಬೇಡಿ ಎಂದು ಡಾಕ್ಟರು ಹೇಳಿದರು. ನಾನು ಹಾಗೆಲ್ಲ ತಿಳಿಯಲಿಲ್ಲ. ಇಡೀ ದಿನದಲ್ಲಿ ಆಕೆಯ ಕಡೆಯಿಂದ ನನಗೆ ಬರುತ್ತಿದ್ದುದು ಅದೊಂದೇ, ಅಷ್ಟೇ.

ಆ ಬೆಳಿಗ್ಗೆಯೂ ಎಂದಿನಂತೆ ಉಸಿರು ಬಿಟ್ಟಳು. ಚಿತ್ರ ಅರ್ಧ ಬಂದರೂ ಪೂರ್ತಿ ಬಂದರೂ ಆಕೆಗೆ ಒಂದೇ. ತಾಪತ್ರಯ ಕ್ಯಾಮೆರಾದ್ದಾಗಿತ್ತು. ಒಳಗಿನ ಶಟರಿನ ಪರದೆ ಸವೆದು, ಒತ್ತಿದಾಗ ಅರ್ಧಕ್ಕೇ ನಿಲ್ಲುತ್ತಿತ್ತು, ಆಮೇಲೆ ಬಂದ್ ಮಾಡಿ ಚಾಲೂ ಮಾಡಬೇಕು. ಹುಬ್ಬಳ್ಳಿಯ ರಿಪೇರಿಯವರು, ಈ ಮಾಡೆಲ್ಲಿನ ಸಾಮಾನು ಈಗ ಬರುವುದಿಲ್ಲ, ಹೊಸದು ನೋಡಿರಿ ಎಂದು ತಿರುಗಿ ಕೊಟ್ಟಿದ್ದರು.

ಹೊಸದು ನೋಡುವುದು ಒಂದು ಕಾಲದಲ್ಲಿ ನನ್ನ ಹುಚ್ಚಾಗಿತ್ತು. ರವಿವಾರ ಬಂದರೆ ರಾಣೆಬೆನ್ನೂರಿನ ಹತ್ತಿರ ಕೃಷ್ಣಮೃಗಗಳ ಹಿಂದೆಯೋ, ಮೇಡ್ಲೇರಿಯ ಗದ್ದೆಗಳಲ್ಲಿ ಕೊಕ್ಕರೆಗಳ ಹಿಂದೆಯೋ ಇರುತ್ತಿದ್ದೆ. ಮುಂದೆ ಯಾವ ಕ್ಯಾಮೆರಾ, ಯಾವ ಲೆನ್ಸು ಎಂಬ ವಿಚಾರ ಊಟದ ಹೊತ್ತಿಗೂ ಬಿಡುತ್ತಿರಲಿಲ್ಲ. ಆಕೆ ಹಾಸಿಗೆ ಹಿಡಿದ ಮೇಲೆ ಹೋಗಿಲ್ಲ. ಹೋಗಬೇಕು ಎಂದೂ ಅನ್ನಿಸಿಲ್ಲ. ಬಹಳ ಹೊತ್ತು ಕಾಲು ಮಡಚಿ ಕುಳಿತು ಜೋಮು ಹಿಡಿದಾಗ ಆ ಕಾಲು ನಮ್ಮದು ಹೌದೋ ಅಲ್ಲವೋ ಎನ್ನಿಸುತ್ತದಲ್ಲ, ಹಾಗೆ.

ರಾಣೆಬೆನ್ನೂರಿನಲ್ಲಿ ಮುಚ್ಚಿದ ಸ್ಟುಡಿಯೋ ಒಂದರಲ್ಲಿ ನನ್ನದೇ ಮಾಡೆಲ್ಲಿನ ಹಳೆಯ ಕ್ಯಾಮೆರಾ ಇತ್ತು. ಹಿಂದಿನ ವಾರ ಹೋಗಿ ನೋಡಿ ಬಂದಿದ್ದೆ. ಮದುವೆ ಮನೆಗಳಲ್ಲಿ ದುಡಿದು ದುಡಿದು ಅದೂ ನನ್ನದರಷ್ಟೇ ಸವೆದಿತ್ತು. ಇನ್ನೊಂದು, ಬ್ಯಾಡಗಿಯ ಗೆಳೆಯನ ಹತ್ತಿರ ಇದ್ದದ್ದು. ಆತ ನನ್ನ ಜೊತೆ ಓದಿದವನು, ಮೆಣಸಿನಕಾಯಿಯ ದಲಾಲಿ ಅಂಗಡಿ ಇಟ್ಟಿದ್ದಾನೆ, ನನ್ನಂತೆಯೇ ಫೋಟೋದ ಹುಚ್ಚಿನವನು. ತಾನು ಇನ್ನೂ ದೊಡ್ಡದು ತಂದುಕೊಂಡು, ಒಂದು ವರ್ಷದ ಹಿಂದೆ ಕೊಂಡದ್ದನ್ನು ಕೊಡುತ್ತೇನೆ ಎಂದಿದ್ದ. ಮೂರನೆಯದು ಹೆಂಡತಿಯ ತಂಗಿ ಹೇಳಿದ್ದು.

ಈ ತಂಗಿ ಮದುವೆ ಒಲ್ಲೆನೆಂದು ಉಳಿದವಳು, ರಾಣೆಬೆನ್ನೂರಿನಲ್ಲಿ ಬ್ಲೌಸು ಹೊಲಿಯುತ್ತಿದ್ದವಳು. ಅಕ್ಕನಿಗೆ ಹೀಗಾದ ಮೇಲೆ ಹೊಲಿಗೆ ಮಷೀನನ್ನೇ ಹಾವೇರಿಗೆ ತಂದು ನಮ್ಮ ಪಡಸಾಲೆಯಲ್ಲಿ ಇಟ್ಟುಕೊಂಡಳು. ನಮಗೆ ಮಕ್ಕಳಿಲ್ಲ. ಆಕೆ ಬರದಿದ್ದರೆ ನಾನು ಆಫೀಸಿಗೆ ಹೋಗುವ ಹಾಗಿರಲಿಲ್ಲ. ಮಾತು ಮಾತ್ರ ಸೂಜಿಯ ಹಾಗೆ.

“ಮಾಮಾ, ಎಲ್ಲಾರೂ ಫೋನಿನ್ಯಾಗ ತಗೀತಾರ. ನಿಮಗ ಯಾಕ ಬೇಕ್ರಿ ಆ ಒಜ್ಜೆ?”

ಫೋನಿನಲ್ಲಿ ತೆಗೆದು ನೋಡಿದ್ದೆ. ಹೆಂಡತಿಗೆ ಅದು ಕ್ಯಾಮೆರಾ ಎಂದೇ ಹೊಳೆಯಲಿಲ್ಲ. ಕೈಯಲ್ಲಿ ಲೋಟ ಹಿಡಿದವನನ್ನು ನೋಡಿದ ಹಾಗೆ ನೋಡಿ, ಗೋಡೆಯ ಕಡೆ ತಿರುಗಿದ್ದಳು.

ಹಾಗಾಗಿ ಆ ದಿನ ರಜೆ ಹಾಕಿ ಬ್ಯಾಡಗಿ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿದರೆ ಗಾಳಿಯಲ್ಲಿ ಘಾಟು ಶುರುವಾಗುತ್ತದೆ, ಸುಗ್ಗಿಯ ದಿನಗಳಲ್ಲಿ ಕಂಡಕ್ಟರನೂ ಕರವಸ್ತ್ರ ಕಟ್ಟಿಕೊಂಡೇ ಟಿಕೀಟು ಕೊಡುತ್ತಾನೆ. ಗೆಳೆಯನ ಅಂಗಡಿಯ ಮುಂದೆ ಚೀಲಗಳು ಆಳೆತ್ತರ ನಿಂತಿದ್ದವು. ಆತ ಗಲ್ಲೆಯ ಹಿಂದೆ ಕುಳಿತು, ಕ್ಯಾಮೆರಾವನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ಮೇಲೆ ಟವೆಲು ಹೊದಿಸಿ ಇಟ್ಟಿದ್ದ. ಮೆಣಸಿನಕಾಯಿಯ ಪುಡಿ ಒಳಗೆ ಹೋದರೆ ಕ್ಯಾಮೆರಾವೂ ಸೀನುತ್ತದೆ ಎನ್ನುವುದು ಆತನ ಹಳೆಯ ಚೇಷ್ಟೆ.

ಚಹಾ ತರಿಸಿದ. ವೈನಿ ಹೇಗಿದ್ದಾರೆ ಎಂದು ಕೇಳಿದ, ಹಾಗೇ ಇದ್ದಾಳೆ ಎಂದೆ. ಚಹಾ ಕುಡಿಯುತ್ತ ರಾಣೆಬೆನ್ನೂರಿನ ಹಳೆಯದರ ಸುದ್ದಿ ಹೇಳಿದೆ.

“ಮುದುಕನ್ನ ಕಳಿಸಿ ಇನ್ನೊಬ್ಬ ಮುದುಕನ್ನ ಕರಕೊಂಡು ಬರ್ತಿಯೇನಲೇ?” ಎಂದ. “ಇದನ್ನ ಹಿಡಿ. ಹಳೇದರಾಗ ಖಟ್ ಅಂತ ಬಡಿಯೂ ಕನ್ನಡಿನ ಇಲ್ಲ ಇದರಾಗ. ಹಂಗಾಗಿ ಸಪ್ಪಳನೂ ಇಲ್ಲ. ಹಕ್ಕಿ ಬಾಜೂಕ ನಿಂತು ತಗದ್ರೂ ಹಾರೂದಿಲ್ಲ.”

ಹಿತ್ತಲಿನ ಕಣದಲ್ಲಿ ಹೆಂಗಸರು ತೊಟ್ಟು ಬಿಡಿಸುತ್ತ ಕುಳಿತಿದ್ದರು. ಕ್ಯಾಮೆರಾ ಪರೀಕ್ಷೆಗೆ ಬ್ಯಾಡಗಿಯಂಥ ಜಾಗವಿಲ್ಲ. ನನ್ನ ಹಳೆಯದರಲ್ಲಿ ಮೆಣಸಿನಕಾಯಿಯ ರಾಶಿ ತೆಗೆದರೆ ಕೆಂಪು ಕೆಂಪಿನೊಳಗೆ ಕರಗಿ, ನೆಲಕ್ಕೆ ಬಣ್ಣ ಚೆಲ್ಲಿದ ಹಾಗೆ ಬರುತ್ತಿತ್ತು. ಈ ಹೊಸದರಲ್ಲಿ ಒಂದೊಂದು ಕಾಯಿಯ ಸುಕ್ಕೂ ಕಾಣಿಸಿತು, ಸುಕ್ಕಿನ ಒಳಗಿನ ಕಪ್ಪುಗೆಂಪು, ಮೇಲಿನ ಹೊಳಪು, ಎಲ್ಲ ಬೇರೆ ಬೇರೆ. ಗೆಳೆಯ ನನ್ನ ಮುಖ ನೋಡುತ್ತಿದ್ದ. ಚೆನ್ನಾಗಿದೆ ಎಂದು ಗೊತ್ತಾಯಿತು. ಚೆನ್ನಾಗಿದೆ ಅನ್ನಿಸಲಿಲ್ಲ. ಬಾಯಲ್ಲಿ ಮಾತ್ರ ಭಾರೀ ಐತಿ ಎಂದೆ.

ಹೆಂಗಸರ ಕಡೆಗೂ ಒಂದೆರಡು ತೆಗೆದೆ. ಅವರು ಸೆರಗು ಸರಿಮಾಡಿಕೊಂಡು, ಕೈಕೆಲಸ ನಿಲ್ಲಿಸಿ, ನೆಟ್ಟಗೆ ಕುಳಿತರು. ನಾನು ತೆಗೆದು ಮುಗಿಸಿ ಪರದೆ ನೋಡುತ್ತ ನಿಂತಿದ್ದೆ. ಸಾಲಿನ ಕೊನೆಗಿದ್ದ ಮುದುಕಿಯೊಬ್ಬಳು ಕರೆದಳು.

“ಯಣ್ಣಾ, ತಗೀತಿಯೋ ಇಲ್ಲೋ? ಕುತ್ತಿಗಿ ನೋಯಾಕತ್ತೇತಿ.”

ಆಗಲೇ ತೆಗೆದೆನವ್ವಾ ಎಂದೆ. ಎಲ್ಲರೂ ನಕ್ಕರು. ಸಪ್ಪಳಿಲ್ಲದ್ದು ಎಂಥಾ ಫೋಟೋ, ಕಳ್ಳ ಬಂದು ಹೋದ ಹಾಗೆ ಎಂದು ಮುದುಕಿ ಮತ್ತೆ ತೊಟ್ಟು ಬಿಡಿಸತೊಡಗಿದಳು. ನಾನೂ ನಕ್ಕೆನೆಂದು ಕಾಣುತ್ತದೆ. ಆ ಮಾತನ್ನು ಅಲ್ಲಿಯೇ ಹಿಡಿದುಕೊಳ್ಳಬೇಕಾಗಿತ್ತು. ಹಿಡಿದುಕೊಳ್ಳಲಿಲ್ಲ.

ಗೆಳೆಯ ಒಂದು ವಾರ ಇಟ್ಟುಕೊಂಡು ನೋಡು ಎಂದ. ಮನಸ್ಸಿಗೆ ಬಂದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ತಿರುಗಿ ಕೊಡುವುದು. ಹಳೆಯದನ್ನು ಮಾತ್ರ ತನಗೆ ಕೊಡಬೇಕು, ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟು ದಿನಾ ಊದಿನಕಡ್ಡಿ ಹಚ್ಚುತ್ತೇನೆ ಎಂದ. ಸರಿ ಎಂದೆ. ಕೆಟ್ಟದ್ದನ್ನು ಇಟ್ಟುಕೊಂಡು ನಾನಾದರೂ ಏನು ಮಾಡುವುದಿತ್ತು.

ಮನೆಗೆ ಬಂದಾಗ ಊಟದ ಹೊತ್ತು ಮೀರಿತ್ತು. ಬ್ಯಾಗು ತೆರೆದ ಕೂಡಲೇ ತಂಗಿ ಸೀನಿದಳು, ಬ್ಯಾಡಗಿಯನ್ನೇ ಹೊತ್ತುಕೊಂಡು ಬಂದಿದ್ದೀರಿ ಎಂದಳು. ಸಂಜೆಯ ಬಿಸಿಲು ಕಟ್ಟೆಗೆ ಬಂದ ಮೇಲೆ ಹೆಂಡತಿಯನ್ನು ಇಬ್ಬರೂ ಹಿಡಿದು ಕುರ್ಚಿಯಲ್ಲಿ ಕೂರಿಸಿದೆವು. ತಂಗಿ ಅಕ್ಕನ ತಲೆ ಬಾಚಿ, ಅಬ್ಬಲಿಗೆ ಮುಡಿಸಿ, ಬಾಗಿಲ ಹತ್ತಿರ ಮಷೀನು ತುಳಿಯಲು ಕುಳಿತಳು.

ನಾನು ಕ್ಯಾಮೆರಾ ಎತ್ತಿದೆ. ಹೆಂಡತಿಯ ಗದ್ದ ಎದ್ದಿತು. ಪರದೆಯ ಮೇಲೆ ಒಂದು ಸಣ್ಣ ಚೌಕ ತಾನಾಗಿಯೇ ಆಕೆಯ ಎಡಗಣ್ಣನ್ನು ಹುಡುಕಿತು, ಆಮೇಲೆ ರೆಪ್ಪೆ ಜೋತುಬಿದ್ದ ಬಲಗಣ್ಣಿಗೆ ಹೋಗಿ ಅಲ್ಲಿಯೇ ನಿಂತಿತು. ನಾನು ಒತ್ತಿದೆ, ಮತ್ತೆ ಒತ್ತಿದೆ. ಚಿತ್ರ ಪೂರ್ತಿಯಾಗಿ ಬಂದಿತ್ತು. ದೊಡ್ಡದು ಮಾಡಿ ಬಾಯಿ ನೋಡಿದೆ. ಬಲಭಾಗ ಮೊದಲಿಗಿಂತ ಒಂಚೂರು ಮೇಲಿತ್ತು, ಅಥವಾ ಇರಲಿಲ್ಲ. ಹಳೆಯ ಚಿತ್ರದ ಜೊತೆ ಇಟ್ಟು ನೋಡಬೇಕು ಎಂದುಕೊಂಡೆ. ಮಷೀನಿನ ಸದ್ದು ನಿಂತಿತು.

“ಮಾಮಾ, ತಗದ್ರೇನು?”

ತೆಗೆದೆ ಎಂದೆ, ಪರದೆಯಿಂದ ಕಣ್ಣೆತ್ತದೆ.

“ಮತ್ತ ಅಕ್ಕ ಯಾಕ ಇನ್ನೂ ಉಸರು ಹಿಡಕೊಂಡು ಕುಂತಾಳ?”

ನೋಡಿದೆ. ಹೆಂಡತಿ ಹಾಗೆಯೇ ಇದ್ದಳು. ಗದ್ದ ಮೇಲೆ, ಎಡತುಟಿ ಬಿಗಿ, ಕೊರಳಿನ ನರ ಎದ್ದಿತ್ತು. ಬಲಗಡೆಯ ಬಾಯಿಯಂಚಿನಿಂದ ಜೊಲ್ಲು ಗದ್ದಕ್ಕೆ ಇಳಿದಿತ್ತು. ಕಣ್ಣು ಕ್ಯಾಮೆರಾದ ಮೇಲೆ ನೆಟ್ಟಿತ್ತು. ಉಸಿರನ್ನು ಮೂಗಿನಲ್ಲಿ ಕದ್ದು ಕದ್ದು ಎಳೆದುಕೊಂಡು ಮತ್ತೆ ಹಿಡಿಯುತ್ತಿದ್ದಳು. ಆಕೆಯ ಲೆಕ್ಕದಲ್ಲಿ ನಾನು ಇನ್ನೂ ಫೋಟೋ ತೆಗೆದಿರಲಿಲ್ಲ.

“ಆತು,” ಎಂದೆ. ಹತ್ತಿರ ಹೋಗಿ ಮತ್ತೆ ಹೇಳಿದೆ. ಹೆಗಲ ಮೇಲೆ ಕೈ ಇಟ್ಟೆ, ಮರದ ಹಾಗೆ ಇತ್ತು. ತಂಗಿ ಜೊಲ್ಲು ಒರೆಸಿ, ಮುಗೀತವಾ, ಬಿಡು ಎಂದಳು. ಬಿಡಲಿಲ್ಲ. ಮೆನುವಿನಲ್ಲಿ ಹುಡುಕಿ ಸದ್ದು ಬರುವ ಹಾಗೆ ಮಾಡಿ ಒತ್ತಿದೆ. ಚಿಕ್ ಎಂದು ಹಲ್ಲಿ ಲೊಚಗುಟ್ಟಿದಷ್ಟು ಸದ್ದು ಬಂತು. ಆಕೆಯ ಕಿವಿಗೆ ಅದು ಹೋಯಿತೋ, ಹೋದರೂ ಬೇರೆ ಯಾರದೋ ಸದ್ದು ಅನ್ನಿಸಿತೋ. ಅಲುಗಲಿಲ್ಲ.

ಒಳಗೆ ಹೋದೆ. ಹಳೆಯ ಕ್ಯಾಮೆರಾ ಗೂಟಕ್ಕೆ ತೂಗುಬಿದ್ದಿತ್ತು. ತಂದು, ಆಕೆಯ ಎದುರು ನಿಂತು, ಎತ್ತಿ ಒತ್ತಿದೆ.

ಖಟ್.

ಹೆಗಲು ಇಳಿಯಿತು. ಉಸಿರು ಉದ್ದಕ್ಕೆ ಹೊರಗೆ ಬಂತು. ಎಡತುಟಿ ಅಲುಗಿತು. ಆತು ಎಂದೆ. ಆಕೆ ಕಣ್ಣು ಮುಚ್ಚಿ ಕುರ್ಚಿಗೆ ಒರಗಿದಳು. ಕ್ಯಾಮೆರಾದಲ್ಲಿ ಬಂದದ್ದನ್ನು ನೋಡಿದೆ, ಈ ಸಲ ಅರ್ಧವೂ ಇರಲಿಲ್ಲ. ಪೂರ್ತಿ ಕಪ್ಪು.

ನಾನು ಕಟ್ಟೆಯ ಮೇಲೆ ಎರಡೂ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಒಂದಕ್ಕೆ ಚಿತ್ರ ಬರುತ್ತದೆ, ಒಂದಕ್ಕೆ ಸದ್ದು ಬರುತ್ತದೆ. ಹೊಸದನ್ನು ತಿರುಗಿ ಕೊಟ್ಟು, ರಾಣೆಬೆನ್ನೂರಿನ ಸವೆದದ್ದನ್ನೇ ತರಬೇಕು ಅನ್ನಿಸಿತು. ಅದೂ ಮಳೆಗಾಲದೊಳಗೆ ಹೀಗೇ ಆಗುತ್ತದೆ ಎಂದೂ ಗೊತ್ತಿತ್ತು. ತಂಗಿ ಹೊಲಿಯುತ್ತಿದ್ದ ಬ್ಲೌಸಿನ ದಾರ ಹಲ್ಲಿನಲ್ಲಿ ಕಡಿದು ಹೇಳಿದಳು.

“ಎಷ್ಟ ವಿಚಾರ ಮಾಡ್ತೀರಿ ಮಾಮಾ. ಚಿತ್ರ ನೀವು ಹೊಸದರಾಗ ತಗೀರಿ. ಹಳೇದನ್ನ ನಾ ಒತ್ತತೀನಿ.”

ಮರುದಿನದಿಂದ ನಡೆದದ್ದು ಅದೇ, ಈಗಲೂ ಅದೇ. ನಾನು ಮುಂದೆ ನಿಂತು ಹೊಸದನ್ನು ಎತ್ತುತ್ತೇನೆ, ತಂಗಿ ಪಕ್ಕದಲ್ಲಿ ಮಷೀನಿನ ಸ್ಟೂಲಿನ ಮೇಲೆ ಕುಳಿತು ಹಳೆಯದನ್ನು ಒತ್ತುತ್ತಾಳೆ. ಮೊದಮೊದಲು ಆಕೆ ನನಗಿಂತ ಮುಂಚೆ ಒತ್ತಿಬಿಡುತ್ತಿದ್ದಳು, ಹೆಂಡತಿ ಉಸಿರು ಬಿಟ್ಟ ಮೇಲಿನ ಚಿತ್ರ ಬರುತ್ತಿತ್ತು. ಅವುಗಳಲ್ಲಿ ಬಾಯಿ ಸ್ವಲ್ಪ ತೆರೆದಿದೆ. ಸಹಜವಾಗಿದೆ.

ತಂಗಿ ಈ ಉಪಾಯ ಹೇಳಿದ ಸಂಜೆಯೇ ಗೆಳೆಯನಿಗೆ ಫೋನ್ ಮಾಡಿ, ಕ್ಯಾಮೆರಾ ಇಟ್ಟುಕೊಳ್ಳುತ್ತೇನೆ, ಹಳೆಯದನ್ನು ಕೊಡುವುದಿಲ್ಲ ಎಂದೆ. ಕೆಟ್ಟದ್ದನ್ನು ಇಟ್ಟುಕೊಂಡು ಏನು ಮಾಡುತ್ತೀ ಎಂದು ಕೇಳಿದ. ಹೇಳಲು ಹೋದರೆ ಉದ್ದವಾಗುತ್ತಿತ್ತು.

“ಬೇಕಾಗೇತಿ,” ಎಂದೆ.

ಆತ, ಬ್ಯಾಟರಿ ಚಾರ್ಜ್ ಮಾಡಿ ಇಟ್ಕೋ ಹಂಗಾರ ಎಂದ. ಯಾವುದರ ಬ್ಯಾಟರಿ ಎಂದು ಹೇಳಲಿಲ್ಲ. ನಾನು ಹಳೆಯದರದ್ದನ್ನೇ ಚಾರ್ಜಿಗೆ ಹಾಕಿದೆ.

ರಾತ್ರಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಹೆಂಡತಿಗೆ ನುಚ್ಚು, ಮಜ್ಜಿಗೆ ಹಾಕಿ ತೆಳ್ಳಗೆ ಕಿವುಚಿದ್ದು. ಎಂದೂ ಅರ್ಧ ಬಟ್ಟಲಿಗೆ ಬಾಯಿ ಮುಚ್ಚುವವಳು ಆ ರಾತ್ರಿ ಪೂರ್ತಿ ತಿಂದಳು, ಅಷ್ಟು ಹೊತ್ತು ಉಸಿರು ಹಿಡಿದದ್ದಕ್ಕೆ ದಣಿವಾಗಿರಬೇಕು. ದಿನಾಲು ತಂಗಿ ಮೊದಲು ಮಲಗುತ್ತಾಳೆ, ಆಮೇಲೆ ನಾನು, ಹೆಂಡತಿ ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಾಳೆ. ಆ ದಿನ ನಾನು ಬಾಯಿ ಒರೆಸಿ ಬಟ್ಟಲು ತೊಳೆದು ಬರುವುದರೊಳಗೆ ಆಕೆಯೇ ಮೊದಲು ನಿದ್ದೆ ಹೋಗಿದ್ದಳು.