ಹೊತ್ತು ಮುಳುಗುವ ಮುಂಚಿನ ಊಟ

ದಿಗ್ಗೇವಾಡಿಯ ಕಾಕಾಸಾಹೇಬನಿಗೆ ದೇವರು ಎರಡು ಕಣ್ಣು ಕೊಟ್ಟಿದ್ದು ದಂಡ. ಏನು ತೋರಿಸಿದರೂ ಮೂಗು ಮುರಿಯುವವನಿಗೆ ಮೂಗೊಂದಿದ್ದರೆ ಸಾಕಿತ್ತು. ಕೃಷ್ಣೆಯ ದಂಡೆಗೆ ಕಬ್ಬು, ಜೋಳ ಬೆಳೆಯುವ ಜೈನರ ಮನೆತನ; ಉಣ್ಣುವುದಕ್ಕೆ ಉಡುವುದಕ್ಕೆ ಏನೂ ಕಡಿಮೆಯಿರಲಿಲ್ಲ, ನಗುವುದಕ್ಕೆ ಮಾತ್ರ ಬಡತನ. ಸುಗ್ಗಿಯ ಮುಂದೆ ಕೊಲ್ಲಾಪುರದ ಬೀಗರು ಸೀತನಿ ತಿನ್ನಲು ಹೊಲಕ್ಕೆ ಬರುತ್ತಿದ್ದರು. ಎಳೆ ತೆನೆ ಸುಟ್ಟು, ತಿಕ್ಕಿ, ಬೆಲ್ಲದ ಜೊತೆ ಮುಕ್ಕಿ, ಬಂಡಿ ಹತ್ತಿ ಹೋ ಎಂದು ಕೂಗಿ ನಗುತ್ತಿದ್ದರು. ಇವನು ಬದುವಿನ ಮೇಲೆ ನಿಂತು, "ಬಂಡ್ಯಾಗ ಕುಂತು ನೀವ್ ಯಾಕ ನಗತೀರಿ? ನಿಮ್ಮನ್ನ ಎಳೀತಾವಲ್ಲ, ಆ ಎತ್ತ ನಗಬೇಕ್ರಿ" ಎನ್ನುತ್ತಿದ್ದ. ಬೀಗರ ಬಾಯಿಯ ಸೀತನಿ ಅಲ್ಲೇ ಸಪ್ಪೆಯಾಗುತ್ತಿತ್ತು.

ಇಂಥವನ ಹೆಂಡತಿ ಜಿನಮತಿ. ಮದುವೆಯಾಗಿ ಬಂದ ದಿನದಿಂದ ಅವಳಿಗೆ ಸಂಜೆಯೆಂದರೆ ಓಟ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಬಾಯಿಗೆ ಒಂದು ತುತ್ತು ಹಾಕುವಂತಿಲ್ಲ. ಅದು ಹಿರಿಯರು ಹಾಕಿದ ನೇಮ, ಒಳ್ಳೆಯ ನೇಮವೇ. ಆದರೆ ನೇಮ ಎಲ್ಲರದ್ದು, ಓಟ ಅವಳೊಬ್ಬಳದ್ದು. ಮಾವನಿಗೆ ಬಡಿಸಬೇಕು, ಗಂಡನಿಗೆ ಬಡಿಸಬೇಕು, ಹೊಲದಿಂದ ತಡವಾಗಿ ಬಂದ ಮೈದುನನಿಗೆ ಬಡಿಸಬೇಕು. ಕಡೆಗೆ ತನ್ನ ರೊಟ್ಟಿಯನ್ನು ಒಲೆಯ ಮುಂದೆ ನಿಂತುಕೊಂಡೇ ನುಂಗಬೇಕು. ಬಾಗಿಲಾಚೆ ಬೆಳಕು ಕೆಂಪಾದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಎಷ್ಟೋ ದಿನ ನುಂಗಲೂ ಹೊತ್ತು ಸಿಗದೆ ನೀರೂ ಕುಡಿಯದೆ ಮಲಗಿದ್ದಳು. ಹೊತ್ತು ಮುಳುಗುವುದನ್ನು ಅವಳು ಕೂತು ನೋಡಿರಲೇ ಇಲ್ಲ. ಎತ್ತು ಚಾಬೂಕನ್ನು ಕೂತು ನೋಡುತ್ತದೆಯೇ?

ತೊಂಬತ್ನಾಲ್ಕರ ಜನವರಿಯಲ್ಲಿ ಕಬ್ಬು ಕಾರ್ಖಾನೆಗೆ ಹೋಯಿತು. ಅದೇ ವಾರ ನಿಪ್ಪಾಣಿಯಿಂದ ಅವಳ ತಮ್ಮ ಶಾಂತಿನಾಥ ಬಂದ. ಹೆಂಡತಿ ಮಂಗಲಳನ್ನು ಕರೆದುಕೊಂಡು ಜೀಪಿನಲ್ಲಿ ಮಾಲವಣದ ಸಮುದ್ರಕ್ಕೆ ಹೊರಟಿದ್ದ. "ಅಕ್ಕಾ, ನೀನೂ ಬಾ. ಅಲ್ಲಿ ಹೊತ್ತು ನೀರಾಗ ಮುಳಗತೈತಿ, ನೋಡಬೇಕ ಅದನ್ನ" ಎಂದ.

ಜಿನಮತಿ ಗಂಡನ ಕಡೆ ತಿರುಗಿದಳು. "ನಾ ನಿಮ್ಮನ್ನ ಈವರೆಗೂ ಏನೂ ಕೇಳಿಲ್ರಿ. ಇದೊಂದ ನೋಡೂದೈತಿ."

"ಇಲ್ಲಿ ಮುಳುಗೂ ಹೊತ್ತು ಬ್ಯಾರೆ, ಅಲ್ಲಿ ಮುಳುಗೂ ಹೊತ್ತು ಬ್ಯಾರೆ ಐತೇನು?" ಎಂದ ಕಾಕಾಸಾಹೇಬ. ಆದರೂ ಜೀಪು ಹತ್ತಿದ. ಹೆಂಡತಿಯ ಮೇಲಿನ ಪ್ರೀತಿಗಲ್ಲ ಮತ್ತೆ. ಅವಳು ಹೋದರೆ ರೊಟ್ಟಿ ಬಡಿಯುವವರು ಯಾರು?

ದಾರಿಯುದ್ದಕ್ಕೂ ಮೂಗಿನದೇ ಕಾರುಬಾರು. ದಾಜೀಪುರದ ಕಾಡಿನಲ್ಲಿ ಜೀಪು ನಿಲ್ಲಿಸಿ ಶಾಂತಿನಾಥ ಕಾಡೆಮ್ಮೆ ತೋರಿಸಿದರೆ, "ನಮ್ಮ ಕೊಟ್ಟಿಗ್ಯಾಗಿನವು ಹಾಲರೆ ಕೊಡತಾವು" ಎಂದ. ಸಮುದ್ರದ ಮುಂದೆ ನಿಂತು, "ಇಷ್ಟ ನೀರ ಇಟಕೊಂಡು ಒಂದ ಎಕರೆ ಕಬ್ಬು ಬೆಳ್ಯಾಕ ಬರಂಗಿಲ್ಲ, ಥೂ!" ಎಂದ. ಮಂಗಲ ಸೀರೆ ಎತ್ತಿ ಕಟ್ಟಿ ತೆರೆಗೆ ಹಾರಿದಳು, ಚಿಪ್ಪು ಆರಿಸಿದಳು, ಬರಿಗಾಲಲ್ಲಿ ಉಸುಕಿನ ಮೇಲೆ ಓಡಿದಳು. ಇವನು ಚಪ್ಪಲಿ ಬಿಚ್ಚಲಿಲ್ಲ. "ಸೋಸಲಾರದ ನೀರಾಗ ಕಾಲಿಟ್ರ ಎಷ್ಟ ಜೀವ ಸಾಯತಾವು, ಗೊತ್ತೇನ?" ಎಂದು ಧರ್ಮ ಹೇಳಿದ. ಊರಲ್ಲಿ ದಿನಾ ಬೆಳಿಗ್ಗೆ ಹೊಳೆಯಲ್ಲಿ ಎಮ್ಮೆಯಂತೆ ಹೊರಳುವಾಗ ಆ ಜೀವಗಳೆಲ್ಲ ಎಲ್ಲಿಗೆ ಹೋಗಿರುತ್ತಿದ್ದವೋ!

ಅವರು ಇಳಿದುಕೊಂಡ ಮನೆಯ ಮುಂದೆ ಮೀನು ಒಣಹಾಕಿದ್ದರು. ಅದರ ವಾಸನೆಗೆ ಕಾಕಾಸಾಹೇಬ ಹಿತ್ತಲ ಕೋಣೆಯೇ ಬೇಕೆಂದು ಹಟ ಹಿಡಿದ. ಸಮುದ್ರ ಮನೆಯ ಮುಂದೆ, ಇವರು ಹಿಂದೆ. ಮೊದಲನೆಯ ಸಂಜೆ ಜಿನಮತಿ ಸ್ಟೋವಿನ ಮುಂದೆ ಕೂತು ರೊಟ್ಟಿ ಬಡಿದಳು, ಗಂಡನಿಗೆ ಬಡಿಸಿದಳು, ತಾನು ನುಂಗಿದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ದಂಡೆಗೆ ಓಡಿದಾಗ ನೀರು ಕಪ್ಪಗಾಗಿತ್ತು. ಎರಡನೆಯ ದಿನ ದೋಣಿಯಲ್ಲಿ ಸಮುದ್ರದೊಳಗಿನ ಕೋಟೆಗೆ ಹೋದರು. ಕಾಕಾಸಾಹೇಬ ದೋಣಿಯ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, "ಇದರಾಗೇನ್ ಐತಿ ಮಜಾ?" ಎಂದು ಕಣ್ಣು ಮುಚ್ಚಿಯೇ ಕೇಳಿದ. ಬಿಸಿಲು ಇಳಿಯುವ ಮುಂಚೆಯೇ, "ಊಟದ ಹೊತ್ತಾತು, ನಡಿ ನಡಿ" ಎಂದು ಅವಳನ್ನು ಹಿತ್ತಲಿಗೆ ಎಳೆದು ತಂದ. ಈ ನೇಮ ಹಿಡಿಯದ ಮಂಗಲ ದಂಡೆಯಿಂದ ತಿರುಗಿ ಬಂದು, "ಅಯ್ಯ ಅಕ್ಕಾರ, ಕೆಂಡದ ಉಂಡಿ ನೀರಾಗ ಇಳದಂಗಾತ್ರಿ!" ಎಂದಾಗ ಜಿನಮತಿ ತವೆ ತಿಕ್ಕುತ್ತಿದ್ದಳು. ಅಳು ಬಂತು, ನುಂಗಿಕೊಂಡಳು. ನುಂಗುವುದಕ್ಕೆ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇನ್ನು ಉಳಿದದ್ದು ಒಂದೇ ಸಂಜೆ.

ಮೂರನೆಯ ದಿನ ಮುಂಜಾನೆ ಅವಳು ಒಂದು ಬುಟ್ಟಿ ರೊಟ್ಟಿ ಬಡಿದಿಟ್ಟಳು. ಸ್ನಾನ ಮಾಡಿ, ಣಮೋಕಾರ ಮಂತ್ರ ಹೇಳಿ, ಗಂಡನ ಎದುರು ಬಂದು ನಿಂತಳು. "ಇವತ್ತ ನನಗ ಉಪವಾಸ. ನೀರೂ ಮುಟ್ಟಂಗಿಲ್ಲ."

ಜಗತ್ತಿನಲ್ಲಿ ಕಾಕಾಸಾಹೇಬನಿಗೆ ಮೂಗು ಮುರಿಯಲಾಗದ್ದು ಇದೊಂದೇ. ಉಪವಾಸ ಹಿಡಿದವರಿಗೆ ಕೈ ಮುಗಿಯಬೇಕು, ಬೇಡ ಎಂದವರಿಗೆ ಪಾಪ. "ಇವತ್ತ ಅಷ್ಟಮಿ ಅಲ್ಲ, ಚತುರ್ದಶಿ ಅಲ್ಲ. ಯಾವ ಲೆಕ್ಕದ ಉಪವಾಸ?"

"ನನ್ನ ಲೆಕ್ಕದ್ದು."

"ಮತ್ತ ಸಂಜಿಕ ನನಗ ಯಾರ ಬಡಸತಾರ?"

"ರೊಟ್ಟಿ ಬುಟ್ಟ್ಯಾಗ ಅದಾವು. ಚಟ್ನಿ ಡಬ್ಬ್ಯಾಗ ಐತಿ. ಕೈ ನಿಮ್ಮ ಹಂತ್ಯಾಕ ಅದಾವು."

ಬಿಸಿಲು ಇನ್ನೂ ಇರುವಾಗಲೇ ಅವಳು ದಂಡೆಗೆ ಹೋಗಿ ಉಸುಕಿನ ಮೇಲೆ ಕೂತಳು. ಹಸಿವೆಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ಗಂಟಲು ಒಣಗಿತ್ತು. ಏಳುವ ಮನಸ್ಸು ಮಾತ್ರ ಒಂದಿಷ್ಟೂ ಇರಲಿಲ್ಲ. ಹೊತ್ತು ಇಳಿಯಿತು, ಕೆಂಪಾಯಿತು, ನೀರಿಗೆ ಹತ್ತಿತು. ಎದೆ ಅಭ್ಯಾಸದಂತೆ ಒಮ್ಮೆ ಹೊಡೆದುಕೊಂಡಿತು: ಯಾರಿಗಾದರೂ ಬಡಿಸುವುದಿದೆಯೇ? ಯಾರಿಗೂ ಇರಲಿಲ್ಲ. ಸೂರ್ಯ ಸಾವಕಾಶ, ತನ್ನ ಪಾಡಿಗೆ ತಾನು ಮುಳುಗಿದ. ಜಿನಮತಿಗೆ ಸಂತೋಷವಾಯಿತು, ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಹಿಂದೆಯೇ ಸಿಟ್ಟೂ ಬಂತು. ಇದು ದಿನಾ ಆಗುತ್ತಿತ್ತು, ಊರಿನಲ್ಲೂ ಆಗುತ್ತಿತ್ತು, ತನ್ನ ಬೆನ್ನ ಹಿಂದೆಯೇ ಆಗುತ್ತಿತ್ತು.

ಅತ್ತ ಹಿತ್ತಲಲ್ಲಿ ಕಾಕಾಸಾಹೇಬನಿಗೆ ರೊಟ್ಟಿ ಸಿಕ್ಕಿತು, ಚಟ್ನಿ ಸಿಕ್ಕಿತು, ಉಪ್ಪಿನಕಾಯಿ ಡಬ್ಬಿ ಸಿಗಲಿಲ್ಲ. ಒಂದೊಂದೇ ಚೀಲ ಬಿಚ್ಚಿ, ಸೀರೆ ಧೋತರ ಎಲ್ಲ ಹರವಿ, ಡಬ್ಬಿಗೆ ಬೈದು, ಹೆಂಡತಿಗೆ ಬೈದು, ಒಣ ರೊಟ್ಟಿ ಬಿಕ್ಕಳಿಸುತ್ತ ನುಂಗಿ ದಂಡೆಗೆ ಬಂದರೆ ಕತ್ತಲೆ. "ಏನಿತ್ತ?" ಎಂದು ಕೇಳಿದ. ಜಿನಮತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಹೇಳಿದರ ತಿಳಿಯೂದಲ್ರಿ ಅದು" ಎಂದಳು.

ಊರಿಗೆ ಬಂದ ಮೇಲೆ ನೋಡಬೇಕಿತ್ತು ಕಾಕಾಸಾಹೇಬನ ಬಡಾಯಿ! ಕಟ್ಟೆಯ ಮೇಲೆ, ಬಸದಿಯ ಮುಂದೆ, ರಾಯಬಾಗದ ಸಂತೆಯಲ್ಲಿ, ಎಲ್ಲಾ ಕಡೆ ಅವನದೇ ಸಮುದ್ರ. ಮಂಗಲ ಅಂದದ್ದನ್ನೇ ಕದ್ದು, "ಕೆಂಡದ ಉಂಡಿ ಇಳದಂಗ ಇಳೀತೈತಿ ನೋಡ್ರಿ" ಎನ್ನುತ್ತಿದ್ದ. ಜಿನಮತಿ ಒಳಗಿನಿಂದ ಕೇಳುತ್ತ ರೊಟ್ಟಿ ಬಡಿಯುತ್ತಿದ್ದಳು. ಗಂಡಸಿನ ಸುಳ್ಳಿಗೆ ಖರ್ಚೇನೂ ಇಲ್ಲ, ಮಾತಾಡಿಕೊಳ್ಳಲಿ.

ಯುಗಾದಿಗೆ ಕೊಲ್ಲಾಪುರದ ಬೀಗರು ಬಂದರು. ಸಂಜೆ ಪಡಸಾಲೆಯಲ್ಲಿ ಕಾಕಾಸಾಹೇಬ ಮತ್ತೆ ಸಮುದ್ರ ಬಿಚ್ಚಿದ. ಬೀಗತಿ ಲಕ್ಷ್ಮಿಬಾಯಿ ಒಳಗೆ ಇಣುಕಿ, "ವೈನಿ, ನೀವೂ ನೋಡಿದ್ರೇನ?" ಎಂದು ಕೇಳಿದರು.

"ಆಕಿ ಎಲ್ಲಿ ನೋಡತಾಳ್ರಿ," ಕಾಕಾಸಾಹೇಬ ನಕ್ಕ. "ಅಲ್ಲೀನೂ ಒಲಿ ಮುಂದನ ಇದ್ದಳು. ಆಕಿಗೇನ್ ತಿಳೀತೈತಿ ಅದೆಲ್ಲ."

ಒಳಗೆ ರೊಟ್ಟಿಯ ಸದ್ದು ನಿಂತಿತು. ಜಿನಮತಿ ರೊಟ್ಟಿ ಬುಟ್ಟಿ ಹಿಡಿದು ಹೊರಗೆ ಬಂದು, ಗಂಡನ ಮಡಿಲಲ್ಲಿ ಇಟ್ಟಳು. "ಉಪ್ಪಿನಕಾಯಿ ಡಬ್ಬಿ ಗ್ವಾಡಿ ಮಾಡದಾಗ ಐತಿ. ಇವತ್ತರೆ ನೀವ ಹುಡಕೂದ ಬ್ಯಾಡ. ಪಾವ್ಣ್ಯಾರಿಗೆ ಬಡಸ್ರಿ, ಹೊತ್ತ ಮುಳಗಾಕ ಬಂತು."

"ಮತ್ತ ನೀನು?"

"ನನಗ ಇವತ್ತೂ ಉಪವಾಸ" ಎಂದು ಅವಳು ಹೊರಗಿನ ಕಟ್ಟೆಗೆ ಹೋಗಿ, ಪಡುವಣಕ್ಕೆ ಮುಖ ಮಾಡಿ ಕೂತಳು.