ಕಾಲು ಎಳೆದುಕೊಳ್ಳದ ಕೂಸು

ನನ್ನ ತಮ್ಮ ಹುಟ್ಟಿದ್ದು ಮಮದಾಪುರದಲ್ಲಿ, ಅವ್ವನ ತವರುಮನೆಯಲ್ಲಿ. ಸ್ವಾತಂತ್ರ್ಯ ಬಂದು ಮೂರ್ನಾಲ್ಕು ವರ್ಷವಾಗಿರಬೇಕು. ನಾನಾಗ ಎರಡನೇ ಇಯತ್ತೆಯಲ್ಲಿದ್ದೆ. ಕೂಸಿನ ಬೆನ್ನಿನ ಕೆಳಗೆ, ಟೊಂಕದ ಹತ್ತಿರ, ನಿಂಬೆಹಣ್ಣಿನಷ್ಟು ಗಂಟು. ಮೇಲಿನ ತೊಗಲು ತೀರ ತೆಳು, ಒಳಗಿನ ನೀರು ಕಾಣುತ್ತಿತ್ತು. ನೋಡಲು ಬಂದ ಹೆಂಗಸರು, ಬಸುರಿದ್ದಾಗ ಗ್ರಹಣದ ದಿನ ಏನು ಹೆಚ್ಚಿದೆ, ಏನು ಹೊಲಿದೆ ಎಂದು ಅವ್ವನ ವಿಚಾರಣೆ ನಡೆಸಿದರು. ಹಸಿ ಬಾಣಂತಿಯನ್ನು ಹಾಗೆ ಕೇಳಿದ ಬಾಯಿಗಳಿಗೆ ಮಣ್ಣು ಹಾಕಬೇಕಿತ್ತು ಎಂದು ಇಂದಿಗೂ ಅನಿಸುತ್ತದೆ.

ಊರಿನ ಅರ್ಧ ಕೂಸುಗಳಿಗೆ ಎರೆದವಳು ನನ್ನ ಅಜ್ಜಿ, ಅವ್ವನ ತಾಯಿ. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಬಿಸಿನೀರು ಹೊಯ್ಯುತ್ತಿದ್ದಳು. ಆಮೇಲೆ ಕೆಂಡದ ಶೆಗಡಿಯ ಮೇಲೆ ಬಟ್ಟೆ ಕಾಸಿ ಹೊಟ್ಟೆಗೆ, ಅಂಗಾಲಿಗೆ ಒತ್ತುತ್ತಿದ್ದಳು. ದುಡಿದು ದಪ್ಪಗಾದ ಅವಳ ಅಂಗೈಗೆ ಬಿಸಿ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಕೂಸು ಕಾಲು ಎಳೆದುಕೊಂಡು ಚೀರಿದರೆ ಕೈ ತೆಗೆಯುವುದು. ಅದೇ ಅವಳ ಅಳತೆ.

ನನ್ನ ತಮ್ಮ ಕಾಲು ಎಳೆದುಕೊಳ್ಳಲಿಲ್ಲ. ಗಂಟಿಗೆ ಪೆಟ್ಟಾಗದಂತೆ ಎಷ್ಟು ಜೋಪಾನವಾಗಿ ಎರೆದಳು ಅಜ್ಜಿ! ಕಾವು ಕೊಡುವಾಗಲೂ ಅವನು ಸುಮ್ಮನೆ ಕಣ್ಣು ಪಿಳುಕಿಸುತ್ತಿದ್ದ.

"ಭಾಳ ಶಾಣ್ಯಾ ಅದಾನ ನನ್ನ ರಾಜಾ. ಕಾಲು ತಣ್ಣಗ ಅದಾವ, ಇನ್ನೊಂಚೂರು ಕಾವು ಬೇಕು" ಎಂದು ಅಜ್ಜಿ ಬಟ್ಟೆಯನ್ನು ಮತ್ತೆ ಮತ್ತೆ ಕಾಸಿದಳು.

ಸಂಜೆ ಸುತ್ತಿದ ಬಟ್ಟೆ ಬಿಚ್ಚಿದರೆ ಎರಡೂ ಅಂಗಾಲಿನಲ್ಲಿ ಬೊಬ್ಬೆ. ಅವ್ವ ಹೌಹಾರಿದಳು.

"ಯವ್ವಾ, ನನ್ನ ಕೂಸಿನ ಕಾಲು ಸುಟ್ಟೆಲ್ಲ!"

"ಅದು ಅಳಲಿಲ್ಲಲ್ಲವ್ವಾ" ಎಂದಳು ಅಜ್ಜಿ. "ಅಳಲೇ ಇಲ್ಲ."

ಮರುದಿನ ಚಕ್ಕಡಿ ಹೂಡಿಕೊಂಡು ಗೋಕಾಕಿಗೆ ಹೋದೆವು. ಕಾಲು ಆಡದಿರುವುದು ಸುಟ್ಟಿದ್ದರಿಂದಲೇ ಎಂದು ಅವ್ವ ದಾರಿಯುದ್ದಕ್ಕೂ ಅಜ್ಜಿಯನ್ನು ಬೈದಳು. ಡಾಕ್ಟರು ಕೂಸನ್ನು ಬೋರಲು ಮಲಗಿಸಿ ಗಂಟು ನೋಡಿದರು, ಸೂಜಿಯಿಂದ ಕಾಲನ್ನು ಮೆಲ್ಲಗೆ ಚುಚ್ಚಿದರು. ಕೂಸು ಮಿಸುಕಲಿಲ್ಲ.

"ಹೊಟ್ಟ್ಯಾಗ ಇದ್ದಾಗನ ಬೆನ್ನೆಲುಬು ಕೂಡಿಲ್ಲ ತಂಗಿ. ಕಾಲಿಗೆ ಹೋಗೋ ನರ ಈ ಗಂಟಿನ್ಯಾಗ ಸಿಕ್ಕಾವ. ಇದು ಗ್ರಹಣದ್ದೂ ಅಲ್ಲ, ಕೆಂಡದ್ದೂ ಅಲ್ಲ. ಯಾರ ತಪ್ಪೂ ಅಲ್ಲ."

"ನಡೀತಾನೇನ್ರಿ?"

"ಇಲ್ಲ" ಎಂದರು. ಗಂಟು ಒಡೆದರೆ ಜೀವಕ್ಕೇ ಅಪಾಯ, ತಮ್ಮಲ್ಲಿ ಅದಕ್ಕೆ ಮದ್ದಿಲ್ಲ ಎಂದೂ ಹೇಳಿದರು.

ಅವ್ವ ಕೂಸಿನ ಅಂಗಾಲಿಗೆ ಬಟ್ಟೆ ಸುತ್ತುತ್ತ ಕೇಳಿದಳು: "ಹಂಗಾರ ನಿನ್ನೆ ಅವಗ ನೋವಾಗಿಲ್ಲೇನ್ರಿ?"

"ಇಲ್ಲ. ಆ ಕಾಲಿಗೆ ನೋವು ತಿಳಿಯೂದಿಲ್ಲ."

ಅವ್ವನ ಮುಖದಲ್ಲಿ ಒಂದು ಕ್ಷಣ ಸಮಾಧಾನ ಕಂಡಿತು. ಅಂಥ ಕ್ರೂರ ಸಮಾಧಾನವನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ.

ಮಳೆಗಾಲ ಮುಗಿಯುವ ಮೊದಲೇ ಗಂಟು ಒಡೆಯಿತು, ಜ್ವರ ಬಂತು. ಆಗ ನನ್ನ ತಮ್ಮ ಮಾಡು ಹಾರಿಹೋಗುವಂತೆ ಅತ್ತ. ಅಜ್ಜಿ ಅವನನ್ನು ಮುಟ್ಟಲು ಅಂಜಿ ಪಡಸಾಲೆಯಲ್ಲೇ ಕೂತಿದ್ದಳು. ಅವ್ವನೇ ಎದ್ದು ಹೋಗಿ ಕೂಸನ್ನು ಅವಳ ತೊಡೆಯ ಮೇಲೆ ಹಾಕಿದಳು.

"ನೀ ಹಿಡ್ಕೋ ಯವ್ವಾ. ನನ್ನ ಕಡೆ ಆಗವಲ್ದು."

ಅಜ್ಜಿ ತೊಡೆ ಅಲುಗಿಸುತ್ತ ಜೋಗುಳ ಹೇಳತೊಡಗಿದಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ನಿದ್ದೆ ಹತ್ತಿತೆಂದು ತಿಳಿದು ಅವಳು ಅವನನ್ನು ತೂಗುತ್ತಲೇ ಇದ್ದಳು. ಅವಳಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಆಗಲಿಲ್ಲ.